ಹೊಳಬಸಪ್ಪನವರು ಜೋತುಬಿದ್ದ ಹಗ್ಗ

ಪುಣೆಯ ಬಿಬವೇವಾಡಿಯ ಇಂದೂಬಾಯಿಗೆ ಸಂಶಯವೆಂಬುದು ಹುಟ್ಟುಗುಣ. ಹಾಲಿನವನು ಬೇಗ ಬಂದರೆ ನೀರು ಬೆರೆಸಿಕೊಂಡೇ ಬಂದಿದ್ದಾನೆ, ತಡವಾಗಿ ಬಂದರೆ ನೀರು ಬೆರೆಸುತ್ತ ನಿಂತಿದ್ದ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ ಕೂರುವ ಮುಂಚೆ ಸೀಟನ್ನು ಅಂಗೈಯಿಂದ ಒತ್ತಿ ನೋಡುವವಳು. ಗಂಡ ಮೋಸ ಮಾಡಿರಬೇಕು, ಅದಕ್ಕೇ ಹೀಗಾಗಿದ್ದಾಳೆ ಎಂದು ಓಣಿಯ ಹೆಂಗಸರು ಗುಸುಗುಸು ಮಾಡುತ್ತಿದ್ದರು. ಅದು ಶುದ್ಧ ಸುಳ್ಳು. ಕೇದಾರರಾಯರು ದೇವರಂಥ ಮನುಷ್ಯ, ಒಂದು ದಿನ ದನಿ ಎತ್ತಿ ಮಾತಾಡಿದವರಲ್ಲ. ಇಷ್ಟು ಒಳ್ಳೆಯವರಾಗಿರಲು ಒಳಗಿನ ಕಾರಣವೇನು ಎಂಬುದೇ ಇಂದೂಬಾಯಿಗೆ ಹತ್ತಿದ ಸಂಶಯ. ತೊಂಬತ್ತನಾಲ್ಕನೆಯ ಇಸವಿಯಲ್ಲಿ ಅವರು ಎದೆನೋವಿನಿಂದ ತೀರಿಕೊಳ್ಳುವ ತನಕ ಆ ಕಾರಣವನ್ನು ಹುಡುಕುತ್ತಲೇ ಇದ್ದಳು. ತೀರಿಕೊಂಡ ಮೇಲೆ ತಿಳಿಯಿತು, ಕಾರಣ ಏನೂ ಇರಲಿಲ್ಲ, ಅವರು ಸುಮ್ಮನೆ ಒಳ್ಳೆಯವರಾಗಿದ್ದರು. ಆಗ ಬಹಳ ಅತ್ತಳು.

ಇದೇ ಗುಣ ಆಕೆಗೆ ಅನ್ನ ಹಾಕಿತು ಎಂಬುದನ್ನೂ ಹೇಳಬೇಕು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಮದುವೆಯಾಗಿ ಪುಣೆಗೆ ಬಂದವಳು. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು, ಒಂದು ಕರಿಹಲಗೆ ಹಾಕಿಕೊಂಡು ಬಾರಾವಿಯ, ಅಂದರೆ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ವರ್ಷದ ಮೊದಲ ಪಾಠವೇ ವರ್ತುಳದಲ್ಲಿ ತಿರುಗುವ ವಸ್ತುಗಳದ್ದು. ಹಗ್ಗಕ್ಕೆ ಕಲ್ಲು ಕಟ್ಟಿ ಗರಗರ ತಿರುಗಿಸಿದರೆ ಹಗ್ಗದ ಎಳೆತ ಎಷ್ಟು, ಎಂಬಂಥ ಲೆಕ್ಕಗಳು. ಮಕ್ಕಳೆಲ್ಲ ತಪ್ಪದೆ ಕಲ್ಲಿನಿಂದ ಹೊರಮುಖವಾಗಿ ಒಂದು ಬಾಣ ಬರೆಯುವವರೇ, ಕಲ್ಲು ಹೊರಗೆ ಎಳೆಯುತ್ತದಲ್ಲ ಅಂತ. ಇಂದೂಬಾಯಿ ಆ ಬಾಣದ ಮೇಲೆ ಬೆರಳಿಟ್ಟು ಮರಾಠಿಯಲ್ಲಿ ಕೇಳುತ್ತಿದ್ದಳು, "ಹಾ ಬಾಣ ಕೋಣಾಚಾ? ನಾವ್ ಸಾಂಗ್." ಯಾರ ಬಾಣ ಇದು, ಹೆಸರು ಹೇಳು. ಭೂಮಿ ಎಳೆದರೆ ಭೂಮಿ ಅನ್ನು, ಹಗ್ಗ ಎಳೆದರೆ ಹಗ್ಗ ಅನ್ನು. ಹೆಸರಿಲ್ಲದವನು ಎಳೆಯುತ್ತಾನೆ ಅಂದರೆ ಅದು ಕಟ್ಟುಕತೆ, ಒರೆಸಿಹಾಕು. ಪ್ರತಿ ಬಾಣಕ್ಕೂ ಆರೋಪಿ ಬೇಕು ಎನ್ನುವ ಈ ಬಾಯಿಗೆ ಮಕ್ಕಳು ಫೌಜದಾರ್ ಬಾಯಿ ಎಂದು ಹೆಸರಿಟ್ಟಿದ್ದರು. ಪೊಲೀಸ್ ಹೆಸರೇ ಆದರೂ ಪಾಸಾಗಲು ಬೇಕಲ್ಲ, ಪಾಠಕ್ಕೆ ಸಹಕಾರನಗರದಿಂದಲೂ ಸೈಕಲ್ ಹೊಡೆದುಕೊಂಡು ಬರುತ್ತಿದ್ದರು.

ಒಬ್ಬಳೇ ಮಗಳು ಕೇತಕಿಯೂ ಅದೇ ಬೆಂಚಿನ ಮೇಲೆ ಕೂತು ಕಲಿತವಳು. ಮಗಳೆಂದು ಆಕೆಗೆ ರಿಯಾಯಿತಿ ಇರಲಿಲ್ಲ, ಬೈಗುಳ ಒಂದು ಪಟ್ಟು ಹೆಚ್ಚೇ. ಆ ಹುಡುಗಿ ಕಾಲೇಜಿನಲ್ಲಿ ಶಿವರಾಜನೆಂಬ ಹುಡುಗನನ್ನು ಮೆಚ್ಚಿ, ಇವನನ್ನೇ ಮದುವೆಯಾಗುತ್ತೇನೆ ಎಂದಾಗ ಇಂದೂಬಾಯಿ ಮೂರು ತಿಂಗಳು ವಿಚಾರಣೆ ನಡೆಸಿದಳು. ಹುಡುಗನ ಮನೆಯವರು ಬೆಳಗಾವಿ ಕಡೆಯಿಂದ ಬಂದ ಬೆಲ್ಲದ ವ್ಯಾಪಾರಿಗಳು, ಬಾರಾಮತಿ ಕಡೆಯ ಗಾಣಗಳಿಂದ ಲಾರಿಯಲ್ಲಿ ಬೆಲ್ಲ ತರಿಸಿ ಮಾರ್ಕೆಟ್ ಯಾರ್ಡಿನಲ್ಲಿ ಮಾರುವವರು. ಜಾತಿ ಬೇರೆ, ಪೂಜೆ ಬೇರೆ, ಮಾತಿನ ಧಾಟಿಯೂ ಬೇರೆ. ಅದನ್ನೆಲ್ಲ ಹೇಗೋ ನುಂಗಿಕೊಂಡಳು. ನುಂಗಲಾಗದೆ ಉಳಿದದ್ದು ಹುಡುಗನ ತಾಯಿ ಪಾರವ್ವ. ಏಕೆಂದರೆ ಪಾರವ್ವ ನಕ್ಕೇ ಮಾತಾಡುವವಳು, ಕೇಳಿದ್ದಕ್ಕೆ ಹೂಂ ಅನ್ನುವವಳು, ವರೋಪಚಾರದ ಮಾತೇ ಎತ್ತದವಳು.

"ಒಂದಾದರೂ ತಕರಾರು ತಗೀಬೇಕಿತ್ತಲ್ಲ ಆಕಿ," ಎಂದು ಇಂದೂಬಾಯಿ ತನ್ನ ಅಣ್ಣ ಶ್ಯಾಮರಾಯನಿಗೆ ಹೇಳಿದಳು. "ತಕರಾರು ಇಲ್ಲದ ಬೀಗತಿ ಎಲ್ಲ್ಯಾದರೂ ಇದ್ದಾಳೇನು?"

ಶ್ಯಾಮರಾಯ ಬ್ಯಾಂಕಿನಲ್ಲಿ ಹೆಡ್ ಕ್ಲಾರ್ಕು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. "ನನಗೂ ಅದ ಅನಸ್ತದ ನೋಡು," ಎಂದ.

ಆದರೂ ಎರಡು ಸಾವಿರದ ಇಸವಿಯಲ್ಲಿ ಮದುವೆ ನಡೆಯಿತು. ಕೇತಕಿ ಹೋದಮೇಲೆ ಮನೆ ಭಣಭಣ ಅನ್ನತೊಡಗಿತು. ಪಾಠದ ಮಕ್ಕಳು ಹೋದಮೇಲೆ ಇಂದೂಬಾಯಿ ತಾನೊಬ್ಬಳೇ ಚಹಾ ಕುಡಿದು, ಲೋಟ ತೊಳೆದಿಟ್ಟು, ಮಗಳಿಗೆ ಫೋನು ಮಾಡುವಳು. ಊಟ ಮಾಡಿದಿಯಾ, ಯಾರು ಬಡಿಸಿದರು, ಅವರೂ ಅದನ್ನೇ ಉಂಡರಾ, ನಿನಗೆ ಬೇರೆಯದನ್ನು ಕೊಟ್ಟರಾ. ಕೇತಕಿ ನಗುತ್ತಿದ್ದಳು. ಮಗಳ ನಗುವಿನಲ್ಲೂ ಏನಾದರೂ ಅಡಗಿದೆಯೇ ಎಂದು ಇಂದೂಬಾಯಿ ಫೋನಿಟ್ಟ ಮೇಲೂ ಯೋಚಿಸುತ್ತಿದ್ದಳು.

ಎರಡು ಸಾವಿರದ ಎರಡರ ಶ್ರಾವಣದಲ್ಲಿ ನಾಗರಪಂಚಮಿ ಬಂತು. ನಮ್ಮ ಉತ್ತರ ಕರ್ನಾಟಕದವರಿಗೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಉಂಡಿಯ ಹಬ್ಬ, ಎಲ್ಲಕ್ಕಿಂತ ಹೆಚ್ಚಾಗಿ ಜೋಕಾಲಿಯ ಹಬ್ಬ. ಪುಣೆಗೆ ಬಂದರೂ ಇದನ್ನು ಬಿಟ್ಟವರಿಲ್ಲ. ಶಿವರಾಜನ ಮನೆಯ ಹಿಂದೆ ಬೆಲ್ಲದ ಗೋದಾಮಿನ ಅಂಗಳ, ಅಂಗಳದಲ್ಲಿ ಎತ್ತರದ ಬೇವಿನ ಮರ. ಪ್ರತಿವರ್ಷ ಆ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು, ಸುತ್ತಲಿನ ಕನ್ನಡದ ಹೆಂಗಸರೆಲ್ಲ ಅಲ್ಲಿಗೇ ಜೀಕಲು ಬರುತ್ತಿದ್ದರು. ಹಗ್ಗ ಎಂದರೆ ಲಾರಿಯ ಮೇಲೆ ಬೆಲ್ಲದ ಹೇರು ಬಿಗಿಯುವ ಹಗ್ಗ, ಸಾಮಾನ್ಯದ್ದಲ್ಲ. ಮೇಲಾಗಿ ಆ ಮನೆಗೆ ಒಂದು ಪದ್ಧತಿ ಇತ್ತು. ಹಬ್ಬದ ಹಿಂದಿನ ಸಂಜೆ ಮನೆಯ ಯಜಮಾನ, ಶಿವರಾಜನ ತಂದೆ ಹೊಳಬಸಪ್ಪನವರು ಬಂದು ಎರಡೂ ಹಗ್ಗ ಹಿಡಿದು ಕಾಲೆತ್ತಿ ಜೋತುಬೀಳುವರು. ಹೊಳಬಸಪ್ಪನವರೆಂದರೆ ಒಂದು ಕ್ವಿಂಟಲ್ ಆಳು, ಬೆಲ್ಲ ತೂಗುವ ತಕ್ಕಡಿಯಲ್ಲೇ ತೂಗಿ ನೋಡಿಕೊಂಡಿದ್ದರು. ಅವರು ಜೋತುಬಿದ್ದು ಹಗ್ಗ ಹಿಡಿಯಿತೆಂದರೆ ಮುಗಿಯಿತು. "ನನ್ನ ತಡಕೊಂಡೈತಿ ಅಂದ್ರ ಇನ್ನ ಯಾರನ್ನಾದ್ರೂ ತಡಕೊಂತೈತಿ," ಎಂದು ಮೀಸೆ ತಿರುವುತ್ತಿದ್ದರು. ಆ ವರ್ಷವೂ ಜೋತುಬಿದ್ದರು, ಹಗ್ಗ ಮಿಸುಕಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಹಗ್ಗ ಕೇತಕಿಯನ್ನು ಹೊತ್ತು ಹರಿಯಿತು. ನಲವತ್ತೆಂಟು ಕಿಲೋ ತೂಕದ ಹುಡುಗಿ, ಮಣೆಯ ಮೇಲೆ ಒಬ್ಬಳೇ ನಿಂತಿದ್ದಳು. ಜೀಕುತ್ತ ಜೀಕುತ್ತ ಹೋದವಳು ಮೇಲಿನಿಂದ ರಭಸದಲ್ಲಿ ಕೆಳಗಿಳಿದು, ತಳಕ್ಕೆ ಬಂದ ಗಳಿಗೆಯಲ್ಲಿ ಒಂದು ಹಗ್ಗ ಫಟ್ಟೆಂದಿತು. ಬಲಗಾಲಿನ ಎಲುಬು ಮುರಿಯಿತು, ಭುಜ ಜಾರಿತು. ತಲೆಗೆ ಪೆಟ್ಟಾಗಲಿಲ್ಲ, ಅದೊಂದು ದೇವರ ದಯೆ.

ಇಂದೂಬಾಯಿ ಅಲ್ಲಿರಲಿಲ್ಲ. ಪಾರವ್ವ ಖುದ್ದು ಬಂದು ಕರೆದುಹೋಗಿದ್ದರೂ ಪಾಠವಿದೆ ಎಂದು ನೆಪ ಹೇಳಿ ಮನೆಯಲ್ಲೇ ಉಳಿದಿದ್ದಳು. ಫೋನು ಬಂದಾಗ ಮನೆಗೆ ಬೀಗವನ್ನೂ ಹಾಕಲಿಲ್ಲ. ದವಾಖಾನೆಗೆ ಓಡಿದವಳು ಮಗಳನ್ನು ನೋಡಿ ಅತ್ತು, ಮೂಗು ಒರೆಸಿಕೊಂಡು, ಅಲ್ಲೇ ಪಡಸಾಲೆಯಲ್ಲಿ ನಿಂತಿದ್ದ ಬೀಗರ ಕಡೆ ತಿರುಗಿದಳು. ಹಗ್ಗ ಕಟ್ಟಿದವರು ಯಾರು? ರಾತ್ರಿ ಅಂಗಳದ ಬಾಗಿಲು ಹಾಕಿತ್ತೇ? ಮುಂಜಾನೆ ಮರದ ಹತ್ತಿರ ಮೊದಲು ಹೋದವರು ಯಾರು?

"ನಾನs ಹೋಗಿದ್ನಿರಿ ಬಾಯಾರ," ಎಂದಳು ಪಾರವ್ವ. "ಕಸಾ ಹೊಡದು, ಜೋಕಾಲಿಗೆ ಅರಿಷಿಣ ಕುಂಕುಮ ಹಚ್ಚಾಕ ಹೋಗಿದ್ನಿ."

"ಒಬ್ಬರs?"

"ಹೌದ್ರಿ, ಒಬ್ಬಾಕೀನs."

ಅಷ್ಟು ಸಾಕಾಯಿತು. ಶ್ಯಾಮರಾಯ ತಂಗಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ, "ಕ್ವಿಂಟಲ್ ಮನಷ್ಯಾನ್ನ ಹಿಡದ ಹಗ್ಗ ನಲವತ್ತೆಂಟು ಕಿಲೋ ಹುಡುಗಿಗೆ ಹರೀತದ ಅಂದ್ರ ಏನರ್ಥ? ನಡುವ ಯಾರೋ ಕೈ ಹಚ್ಯಾರ." ಮಾತು ದವಾಖಾನೆಯಿಂದ ಓಣಿಗೆ, ಓಣಿಯಿಂದ ಕನ್ನಡದ ಮನೆಗಳಿಗೆಲ್ಲ ಹಬ್ಬಿತು. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಿಲ್ಲ, ಅತ್ತೆಗೆ ಬೇರೆ ಸೊಸೆ ಬೇಕಿತ್ತಂತೆ ಎಂದು ಅದಕ್ಕೆ ಕೈಕಾಲೂ ಮೂಡಿದವು. ಇಂದೂಬಾಯಿ ಮಗಳನ್ನು ದವಾಖಾನೆಯಿಂದ ನೇರವಾಗಿ ತನ್ನ ಮನೆಗೇ ಕರೆತಂದಳು. ಇನ್ನು ಆ ಮನೆಗೆ ಕಳಿಸುವುದಿಲ್ಲ ಎಂದು ಎಲ್ಲರೆದುರು ಹೇಳಿಯೂ ಬಿಟ್ಟಳು. ಶಿವರಾಜ ಏನೋ ಹೇಳಹೋಗಿ ಸುಮ್ಮನಾದ, ಕೇತಕಿ ನೋವಿನ ಮಾತ್ರೆಯ ಮಂಪರಿನಲ್ಲಿದ್ದಳು.

ಎರಡು ದಿನ ಬಿಟ್ಟು ಇಂದೂಬಾಯಿ ಬೀಗರ ಮನೆಗೆ ಹೋಗಿ ಹರಿದ ಹಗ್ಗ ಕೊಡಿ ಎಂದಳು. ಕೊಡಲಿಕ್ಕಿಲ್ಲ, ಸುಟ್ಟಿರುತ್ತಾರೆ, ಎಸೆದಿರುತ್ತಾರೆ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದಳು. ಪಾರವ್ವ ತಕ್ಷಣ ಎದ್ದು ಎರಡೂ ತುಂಡುಗಳನ್ನು ಸುತ್ತಿ ಕೈಚೀಲದಲ್ಲಿ ಹಾಕಿ ಕೊಟ್ಟಳು. ಕೊಡದಿದ್ದರೆ ಸಂಶಯಕ್ಕೆ ದಾರಿ ಆಗುತ್ತಿತ್ತು, ಇಷ್ಟು ಸುಲಭವಾಗಿ ಕೊಟ್ಟದ್ದು ಇನ್ನೂ ದೊಡ್ಡ ದಾರಿ ಆಯಿತು. ಬಾಗಿಲಲ್ಲಿ ಶಿವರಾಜನ ತಂಗಿ ದೀಪಾಲಿ ನಿಂತಿದ್ದಳು, ಹುಡುಗಿಯ ಕಣ್ಣು ಅತ್ತು ಬಾತಿದ್ದವು. "ವೈನಿ ಭಾಳ ಮ್ಯಾಲ ಹೋಗಿದ್ಲರಿ," ಎಂದು ತಾನಾಗಿಯೇ ಹೇಳಿದಳು. "ಹಗ್ಗ ಕಟ್ಟಿದ ಟೊಂಗಿ ಐತಲ್ಲರಿ, ಅದರ ಮಟ್ಟಕ್ಕ ಹೋಗಿದ್ಲು. ನಾವೆಲ್ಲಾ ಸಾಕು ಸಾಕು ಅಂತ ಒದರಿದ್ವಿ." ಇಂದೂಬಾಯಿ ಹೂಂ ಎಂದು ಚೀಲ ಹಿಡಿದು ನಡೆದಳು.

ಮನೆಗೆ ಬಂದು ಪಾಠದ ಕೋಣೆಯ ಬಾಗಿಲು ಹಾಕಿಕೊಂಡು ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೊಯ್ದ ಹಗ್ಗದ ತುದಿ ಬೇರೆ, ಹರಿದ ಹಗ್ಗದ ತುದಿ ಬೇರೆ, ಅದನ್ನು ತಿಳಿಯಲು ಫೌಜದಾರಳೇ ಆಗಬೇಕಿಲ್ಲ. ಇಲ್ಲಿ ನಾರುಗಳು ಒಂದೊಂದು ಒಂದೊಂದು ಉದ್ದಕ್ಕೆ ಕಿತ್ತು ಕಸಬರಿಗೆಯಂತೆ ಕೆದರಿದ್ದವು. ಒಂದೇ ಒಂದು ಎಳೆಯಲ್ಲೂ ಚೂರಿಯ ಗುರುತಿರಲಿಲ್ಲ. ಆಮೇಲೆ ದೀಪಾಲಿ ಹೇಳಿದ ಮಾತು ನೆನಪಾಯಿತು. ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮುಂದೆ ನಿಂತಳು.

ಮೇಲೆ ಟೊಂಗೆ, ಕೆಳಗೆ ತೂಗುವ ಹುಡುಗಿ. ಹೊಳಬಸಪ್ಪನವರು ಜೋತುಬಿದ್ದಾಗ ಹಗ್ಗಕ್ಕೆ ಒಂದೇ ಕೆಲಸ, ಅವರ ತೂಕ ಹೊರುವುದು. ಅವರು ಅಲುಗಾಡಲಿಲ್ಲ, ಒಂದು ಕ್ವಿಂಟಲ್ಲಿಗೆ ಲೆಕ್ಕ ಮುಗಿಯಿತು. ಜೀಕುವವಳ ಹಗ್ಗಕ್ಕೆ ತಳದಲ್ಲಿ ಎರಡು ಕೆಲಸ. ತೂಕವನ್ನೂ ಹೊರಬೇಕು, ನೆಟ್ಟಗೆ ಓಡಿಹೋಗಬೇಕೆನ್ನುವ ದೇಹವನ್ನು ಹಿಡಿದು ಮೇಲಕ್ಕೆ ತಿರುಗಿಸಲೂ ಬೇಕು. ವೇಗ ಹೆಚ್ಚಿದಷ್ಟೂ ಆ ಎರಡನೆಯ ಕೆಲಸ ಭಾರವಾಗುತ್ತದೆ. ಟೊಂಗೆಯ ಮಟ್ಟದಿಂದ ಇಳಿದು ಬಂದರೆ ಆ ಕೆಲಸವೊಂದೇ ತೂಕದ ಎರಡು ಪಟ್ಟು, ತೂಕ ಸೇರಿ ಮೂರು ಪಟ್ಟು. ಹಗ್ಗ ಉದ್ದವಿರಲಿ ಗಿಡ್ಡವಿರಲಿ, ಅದೇ ಮೂರು. ನಲವತ್ತೆಂಟರ ಮೂರು ಪಟ್ಟು ಎಂದರೆ ನೂರಾ ನಲವತ್ತನಾಲ್ಕು. ತಳಕ್ಕೆ ಬಂದಾಗ ಆ ಹಗ್ಗದ ಮೇಲೆ ಒಬ್ಬಳಲ್ಲ, ಮೂವರು ಕೇತಕಿಯರು ನಿಂತಿದ್ದರು. ಹೊಳಬಸಪ್ಪನವರ ಪರೀಕ್ಷೆ ಅದನ್ನು ನೋಡಿಯೇ ಇರಲಿಲ್ಲ. ಇಷ್ಟು ವರ್ಷ ಯಾರೂ ಅಷ್ಟು ಎತ್ತರ ಜೀಕಿರಲಿಲ್ಲ, ಹಗ್ಗವೂ ಲಾರಿಯ ಮೇಲೆ ಸವೆದು ಹಳತಾಗಿತ್ತು.

ಹಲಗೆಯ ಮೇಲಿನ ಬಾಣಗಳನ್ನು ಇಂದೂಬಾಯಿ ಎಣಿಸಿದಳು. ಭೂಮಿಯದ್ದೊಂದು, ಹಗ್ಗದ್ದೊಂದು. ಪಾರವ್ವನ ಹೆಸರಿನ ಬಾಣ ಎಲ್ಲೂ ಇರಲಿಲ್ಲ.

ಇನ್ನೊಬ್ಬರಾಗಿದ್ದರೆ ಆಗಲೇ ಓಡಿಹೋಗಿ ಹೇಳುತ್ತಿದ್ದರು. ಇಂದೂಬಾಯಿ ಹಲಗೆ ಒರೆಸಿದಳು. ಹಗ್ಗದ ಚೀಲವನ್ನು ಅಟ್ಟದ ಮೇಲೆ ಹಾಕಿದಳು. ಯಾಕೆ ಎಂದರೆ, ಒಳಗಿನ ಕೋಣೆಯಿಂದ ಮಗಳು "ಅವ್ವಾ, ಚಹಾ ಆತೇನು?" ಎಂದು ಕೂಗಿದ್ದಳು. ಎರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಹಾಗೆ ಕೂಗಿರಲಿಲ್ಲ. ಹೇಳಿದರೆ ನಾಳೆಯೇ ಕರೆದೊಯ್ಯುತ್ತಾರೆ. ಈಗ ಹೇಳದಿದ್ದರೆ ಸುಳ್ಳು ಹೇಳಿದಂತೆ ಆಗುವುದಿಲ್ಲವಲ್ಲ, ಕಾಲು ಕೂಡಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಅದರ ಬೆನ್ನಿಗೇ ಇನ್ನೊಂದು ಸಮಾಧಾನವೂ ಸಿಕ್ಕಿತು. ಈ ಹಗ್ಗವನ್ನು ಪಾರವ್ವ ಕೊಯ್ಯಲಿಲ್ಲ, ಸರಿ. ಕೊಯ್ಯುವವಳಲ್ಲ ಎಂದು ಯಾವ ಲೆಕ್ಕ ಹೇಳಿದೆ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಸುಮ್ಮನೆ ಹೇಳುತ್ತಾರೆಯೇ.

ಪಾರವ್ವ ದಿನ ಬಿಟ್ಟು ದಿನ ಬರತೊಡಗಿದಳು. ಡಬ್ಬಿಯಲ್ಲಿ ಒಮ್ಮೆ ಜೋಳದ ರೊಟ್ಟಿ ಎಣ್ಣೆಗಾಯಿ, ಒಮ್ಮೆ ಗೋಧಿ ಹುಗ್ಗಿ. ಇಂದೂಬಾಯಿ ಮೊದಲು ತಾನೊಂದು ತುತ್ತು ತಿಂದು, ಸ್ವಲ್ಪ ಹೊತ್ತು ಕಾದು, ತನಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಮಗಳಿಗೆ ಬಡಿಸುತ್ತಿದ್ದಳು. ಹುಗ್ಗಿಯನ್ನಂತೂ ಖಾತ್ರಿ ಮಾಡಿಕೊಳ್ಳಲು ಎರಡು ಸಲ ತಿನ್ನಬೇಕಾಗುತ್ತಿತ್ತು. ಪಾರವ್ವ ಇದನ್ನೆಲ್ಲ ನೋಡುತ್ತಿದ್ದಳು. ಓಣಿಯಲ್ಲಿ ಆಕೆ ಬರುವಾಗ ಹೆಂಗಸರು ಮಾತು ನಿಲ್ಲಿಸುತ್ತಿದ್ದರು, ಆಕೆ ತಲೆತಗ್ಗಿಸಿ ನಡೆದು ಬಂದು ಸೊಸೆಯ ಕಾಲಿನ ಬಳಿ ಕೂರುತ್ತಿದ್ದಳು. ಊರೆಲ್ಲ ಬೆರಳು ಮಾಡಿದರೂ ಒಂದು ಎದುರುಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ನಿರಪರಾಧಿಯಾದವಳು ಹೀಗೆ ಇರುತ್ತಾಳೆಯೇ, ನಾನಾಗಿದ್ದರೆ ಓಣಿ ಎತ್ತಿಹಾಕುತ್ತಿದ್ದೆ ಎಂದು ಇಂದೂಬಾಯಿಗೆ ಅನಿಸುತ್ತಿತ್ತು. ಹಗ್ಗದ ಸತ್ಯ ಗೊತ್ತಿದ್ದವಳೇ ಹೀಗೆ ಯೋಚಿಸುತ್ತಿದ್ದಳು ನೋಡಿ, ಮನುಷ್ಯರ ಬುದ್ಧಿಗೆ ಏನನ್ನಬೇಕು.

ಮಗಳನ್ನೂ ಬಿಡಲಿಲ್ಲ. ಕಾಲಿಗೆ ದಿಂಬು ಕೊಡುತ್ತ ಕೇಳುವಳು, ಅವತ್ತು ಮುಂಜಾನೆ ನಿನಗೆ ಹಾಲು ಕೊಟ್ಟವರು ಯಾರು? ನೀನೇ ಹತ್ತಬೇಕು ಅಂತ ಯಾರು ಅಂದರು? ಅತ್ತೆ ಯಾಕೆ ಹತ್ತಲಿಲ್ಲ? ಹಗ್ಗ ಹರಿದಾಗ ಆಕೆ ಎಲ್ಲಿ ನಿಂತಿದ್ದಳು, ಮುಖ ಹೇಗಿತ್ತು? ಕೇತಕಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು, ಉತ್ತರ ಕೊಟ್ಟು ತಾಯಿಯ ಮುಖ ನೋಡುತ್ತ ಕೂರುತ್ತಿದ್ದಳು. ಇನ್ನೇನಾದರೂ ಕೇಳುವುದಿದೆಯೇ ಎಂಬಂತೆ.

ಗಣಪತಿ ಬಂತು. ಓಣಿಯಲ್ಲಿ ಢೋಲು ತಾಶೆಗಳ ಗದ್ದಲ ಎದ್ದು, ಹತ್ತು ದಿನ ಇದ್ದು ಅಡಗಿತು. ಕೇತಕಿಯ ಪ್ಲಾಸ್ಟರ್ ಬಿಚ್ಚಿದರು. ಇನ್ನು ಹೇಳಬೇಕು, ನಾಳೆ ಹೇಳುತ್ತೇನೆ ಎಂದು ಇಂದೂಬಾಯಿ ದಿನಾ ಅಂದುಕೊಳ್ಳುವಳು, ನಾಳೆಯನ್ನು ನಾಡಿದ್ದಿಗೆ ದೂಡುವಳು. ಅಷ್ಟರಲ್ಲಿ ಶ್ಯಾಮರಾಯ ತಾನೇ ಮುಂದಾದ. ಭಾನುವಾರ ಬೀಗರನ್ನು ಕರೆಸಿ ಕೊನೆಯ ಮಾತು ಆಡಿಬಿಡೋಣ, ತಪ್ಪು ಒಪ್ಪಿಕೊಂಡರೆ ಸರಿ, ಇಲ್ಲವಾದರೆ ಪೊಲೀಸ್ ಚೌಕಿಗೆ ಹೋಗಿ ಪಾರವ್ವನ ಮೇಲೆ ಫಿರ್ಯಾದಿ ಕೊಡೋಣ ಎಂದ. "ಫಿರ್ಯಾದಿ ಯಾಕ, ಸುಮ್ಮನ ಮಾತಾಡೋಣಲ್ಲ," ಎಂದಳು ಇಂದೂಬಾಯಿ. "ನೀ ಸುಮ್ಮನಿರು, ನಿನಗ ತಿಳಿಯೂದಿಲ್ಲ," ಎಂದ ಅಣ್ಣ. ಆಕೆಗೆ ತಿಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಮೈಮೇಲೆ ಹೋಗುವವಳು, ಅಂದು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಎಲ್ಲರೂ ಪಾಠದ ಕೋಣೆಯಲ್ಲೇ ಕೂತರು, ಇನ್ನೆಲ್ಲೂ ಅಷ್ಟು ಜಾಗವಿರಲಿಲ್ಲ. ಹೊಳಬಸಪ್ಪನವರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕಷ್ಟದಿಂದ ಕೂತಿದ್ದರು. ಪಕ್ಕದಲ್ಲಿ ಪಾರವ್ವ, ಆಚೆ ಶಿವರಾಜ. ಕೇತಕಿ ಗೋಡೆಗೆ ಒರಗಿ ಕುರ್ಚಿಯಲ್ಲಿ. ಶ್ಯಾಮರಾಯ ನಿಂತೇ ಮಾತಾಡಿದ, ಬ್ಯಾಂಕಿನಲ್ಲಿ ಕಿರಿಯರಿಗೆ ಬುದ್ಧಿ ಹೇಳುವ ಧಾಟಿಯಲ್ಲಿ.

"ಹೆಚ್ಚು ಮಾತು ಬ್ಯಾಡ. ಒಂದು ಪ್ರಶ್ನೆಗೆ ಉತ್ತರ ಕೊಡ್ರಿ. ಹೊಳಬಸಪ್ಪನವರನ್ನ ತಡಕೊಂಡ ಹಗ್ಗ, ಮರುದಿನ ಈ ಹುಡುಗೀನ್ನ ಯಾಕ ತಡಕೊಳ್ಳಲಿಲ್ಲ? ರಾತ್ರಿ ಮುಂಜಾನಿ ನಡುವ ಅದರ ಹತ್ತರ ಹೋದವರು ಒಬ್ಬರs. ಅವರು ಇಲ್ಲೇ ಕೂತಾರ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎನ್ನುತ್ತಾರಲ್ಲ, ಪಾರವ್ವ ಕೈಯನ್ನು ಮಡಿಲಿನಿಂದ ಎತ್ತಲೂ ಇಲ್ಲ. ಆಕೆ ನೋಡುತ್ತಿದ್ದದ್ದು ಶ್ಯಾಮರಾಯನನ್ನಲ್ಲ, ಇಂದೂಬಾಯಿಯನ್ನು.

"ಉತ್ತರ ಇಲ್ಲ ಅಂದಮ್ಯಾಲೆ ನಾಳೆ ಚೌಕಿಗೆ ಹೋಗೂದs," ಎಂದು ಶ್ಯಾಮರಾಯ ತಂಗಿಯ ಕಡೆ ತಿರುಗಿದ. "ಇಕಿ ಹತ್ತು ವರ್ಷದಿಂದ ಇದನ್ನs ಕಲಿಸ್ಲಿಕ್ಕೆ ಹತ್ತ್ಯಾಳ. ಇಕೀನs ಹೇಳಲಿ. ಹೇಳs ಇಂದೂ, ಹೆಚ್ಚು ತೂಕ ತಡಿಯೋ ಹಗ್ಗ ಕಡಿಮಿ ತೂಕಕ್ಕ ಹರೀತದೇನು?"

ಹರಿಯುವುದಿಲ್ಲ ಎಂದು ಬರೆದ ಎಷ್ಟು ಮಕ್ಕಳ ಕಾಗದದ ಮೇಲೆ ಇಂದೂಬಾಯಿ ಕೆಂಪು ಗೀಟು ಎಳೆದಿದ್ದಳೋ ಲೆಕ್ಕವಿಲ್ಲ. ಈಗ ಅದನ್ನೇ ಹೇಳಿದರೆ ಮಗಳು ತನ್ನವಳಾಗಿ ಉಳಿಯುತ್ತಾಳೆ. ಸುಮ್ಮನಿದ್ದರೂ ಉಳಿಯುತ್ತಾಳೆ. ಪಾರವ್ವ ಚೌಕಿಯ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತ ಚಿತ್ರ ಕಣ್ಣಮುಂದೆ ಬಂತು, ಅದರ ಪಕ್ಕದಲ್ಲೇ ಭಣಭಣ ಅನ್ನುವ ಮನೆಯೂ ಬಂತು. ಎದ್ದು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ತೆಗೆದುಕೊಂಡಳು.

"ಹರೀತದ," ಎಂದಳು. "ಸುಮ್ಮನ ಜೋತುಬಿದ್ದರ ಹರಿಯೂದಿಲ್ಲ, ಜೀಕಿದ್ರ ಹರೀತದ."

ಬರೆದು ತೋರಿಸಿದಳು. ಟೊಂಗೆ, ಹಗ್ಗ, ತಳದ ಎರಡು ಕೆಲಸ, ಮೂರು ಪಟ್ಟು. ಶ್ಯಾಮರಾಯ ನಡುನಡುವೆ ಬಾಯಿ ತೆರೆದು ಮುಚ್ಚಿದ. ಹೊಳಬಸಪ್ಪನವರು ಬೆಂಚಿನಿಂದ ಕತ್ತು ಚಾಚಿ ನೋಡುತ್ತಿದ್ದರು. ಇಂದೂಬಾಯಿ ಕೊನೆಗೆ ಹಲಗೆಯ ಕಡೆ ಮುಖ ಮಾಡಿಯೇ ಹೇಳಿದಳು, "ಹಗ್ಗದ ತುದಿ ನಾ ನೋಡೀನಿ. ಯಾರೂ ಕೊಯ್ದಿಲ್ಲ. ಪಾರವ್ವನವರ ತಪ್ಪು ಏನೂ ಇಲ್ಲ. ಇದು ನನಗ ಮೊದಲs ಗೊತ್ತಿತ್ತು, ಹೇಳಲಿಲ್ಲ."

ಕೋಣೆಯಲ್ಲಿ ಗದ್ದಲವೇಳುತ್ತದೆ, ಪಾರವ್ವ ಎದ್ದು ಬೈಯುತ್ತಾಳೆ ಎಂದು ಕಾದಳು. ಏನೂ ಆಗಲಿಲ್ಲ. ತಿರುಗಿ ನೋಡಿದರೆ ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಆದರೆ ಮುಖದಲ್ಲಿ ಬೆರಗಿರಲಿಲ್ಲ. ಶಿವರಾಜನಿಗೂ ಇರಲಿಲ್ಲ. ಆ ಹೊತ್ತಿನಲ್ಲೂ ಇಂದೂಬಾಯಿಯ ಸಂಶಯ ತಲೆ ಎತ್ತಿತು.

"ನಿಮಗ್ಯಾರಿಗೂ ಆಶ್ಚರ್ಯ ಆಗಲಿಲ್ಲಲ್ಲ?"

"ಕೇತಕಿ ಹೇಳಿದ್ಲರಿ ಬಾಯಾರ," ಎಂದಳು ಪಾರವ್ವ. "ದವಾಖಾನ್ಯಾಗs, ಶುದ್ಧಿ ಬಂದ ಕೂಡಲೆ. ಅತ್ತಿ, ಯಾರ ಏನ ಅಂದ್ರೂ ನೀವು ಹೆದರಬ್ಯಾಡ್ರಿ, ನಾ ಜಾಸ್ತಿ ಜೀಕಿದ್ನಿ, ಅದಕ್ಕs ಹರೀತು, ಇದು ನಮ್ಮವ್ವ ಕಲಿಸಿದ ಲೆಕ್ಕ ಅಂದ್ಲು. ನಮಗೇನ ಲೆಕ್ಕ ತಿಳೀಲಿಲ್ರಿ, ಆಕಿ ಮಾತಿನ ಮ್ಯಾಲ ನಂಬಿಕಿ ಇಟ್ಟು ಕುಂತಿದ್ವಿ."

ಇಂದೂಬಾಯಿ ಮಗಳ ಕಡೆ ನೋಡಿದಳು. "ನಿನಗ ಗೊತ್ತಿತ್ತು. ಮತ್ತ ನನಗ್ಯಾಕ ಹೇಳಲಿಲ್ಲ? ಇವರು ಇಷ್ಟು ದಿನ ಊರ ಬಾಯಿಗೆ ಬಿದ್ದರಲ್ಲ."

"ನಾ ಹೇಳಿದ್ದರ ನೀ ಏನಂತಿದ್ದಿ ಅವ್ವಾ?" ಕೇತಕಿಯ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇವರs ಹೇಳಿಕೊಟ್ಟಾರ, ಹೆದರಿಸಿ ಹೇಳಸ್ಯಾರ ಅಂತಿದ್ದಿ. ಅದಕ್ಕs ಅತ್ತಿಗೆ ಅಂದೆ, ಅವ್ವನ ಬಾಯಿಂದನs ಬರಬೇಕು, ಅಲ್ಲೀತನಕ ತಡಕೋರಿ ಅಂತ. ನಿನಗ ಲೆಕ್ಕ ಹೊಳದಿಲ್ಲ, ಹೊಳದ ಕೂಡಲೆ ಹೇಳ್ತಿ ಅಂತ ಕಾದೆ. ಆಮ್ಯಾಲ ತಿಳೀತು, ನಿನಗ ಹೊಳದದ ಅಂತ."

"ಹೆಂಗ ತಿಳೀತು?"

"ಹಾಲು ಯಾರು ಕೊಟ್ಟರು ಕೇಳಿದಿ. ಅತ್ತಿ ಎಲ್ಲಿ ನಿಂತಿದ್ಲು ಕೇಳಿದಿ. ಮುಖ ಹೆಂಗಿತ್ತು ಅದನ್ನೂ ಕೇಳಿದಿ. ಎಷ್ಟು ಎತ್ತರಕ್ಕ ಹೋಗಿದ್ದಿ ಅಂತ ಒಂದs ಒಂದು ದಿನ ಕೇಳಲಿಲ್ಲ. ಈ ಲೆಕ್ಕದಾಗ ಕೇಳಬೇಕಾದ್ದು ಅದೊಂದs ಅಲ್ಲ?"

ಇಂದೂಬಾಯಿ ಸೀಮೆಸುಣ್ಣ ಕೆಳಗಿಟ್ಟು, ಮಕ್ಕಳ ಬೆಂಚಿನ ತುದಿಗೆ ಕೂತಳು. ಶ್ಯಾಮರಾಯ ಕೆಮ್ಮಿ, ಚಪ್ಪಲಿ ಹುಡುಕುತ್ತ ಹೊರಗೆ ಹೋದ. ಪಾರವ್ವ ಒಳಗಿನ ಕೋಣೆಗೆ ಹೋಗಿ ಸೊಸೆಯ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಶಿವರಾಜ ರಿಕ್ಷಾ ತರಲು ಹೊರಟ. ಕೇತಕಿ ಗೋಡೆ ಹಿಡಿದು ಎದ್ದು, ಕುಂಟುತ್ತ ಬಾಗಿಲ ಕಡೆ ನಡೆದಳು.

"ಕೇತಕಿ," ಎಂದಳು ಇಂದೂಬಾಯಿ. ದನಿ ಬಹಳ ಸಣ್ಣಗಿತ್ತು. "ಎಷ್ಟು ಎತ್ತರಕ್ಕ ಹೋಗಿದ್ದಿ?"

ಕೇತಕಿ ನಿಂತಳು. ತಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಇದೂ ವಿಚಾರಣೆಯೋ ಏನೋ ಎಂದು ಪರೀಕ್ಷಿಸುವವಳಂತೆ. ಆಮೇಲೆ ಆಕೆಯ ಮುಖ ಸಡಿಲಾಯಿತು.

"ಗೋದಾಮಿನ ಮಾಳಗಿ ಕೆಳಗ ಹೋತು ಅವ್ವಾ. ಪರ್ವತಿ ಗುಡ್ಡ ಕಾಣಿಸ್ತು, ಗುಡಿ ಕಾಣಿಸ್ತು. ಎಲ್ಲಾರೂ ಸಾಕು ಅಂತ ಒದರ್ಲಿಕ್ಕೆ ಹತ್ತಿದ್ರು, ನನಗ ಇಳೀಲಿಕ್ಕೆ ಮನಸs ಆಗಲಿಲ್ಲ. ಭಾಳ ಖುಷಿಯೊಳಗ ಇದ್ದೆ ನಾ."